ಹೊಡಕೊಂಡು ಹೋದ

ಜಮಖಂಡಿ ಕೋರ್ಟಿನ್ಯಾಗ ನನ್ನ ನೌಕರಿ ಅಂದ್ರ ಕೂಗೂದು. ಒಳಗ ಸಾಹೇಬ್ರ ಮುಂದ ಕೇಸ ಬಂತಂದ್ರ, ನಾ ಬಾಗಲಾಗ ನಿಂತು ಬೇವಿನ ಗಿಡದ ಬುಡಕ ಕುಂತ ಮಂದಿಗೆ ಕೇಳೂಹಂಗ ಹೆಸರು ಹಿಡದು ಒದರಬೇಕು. ಮೂರು ಸಲ ಒದರೂದು, ಬರಲಿಲ್ಲಂದ್ರ ವಾರಂಟ. ನನ್ನ ಹೆಸರು ರಾಮಣ್ಣ, ಆದ್ರ ಊರಾಗ ಎಲ್ಲಾರೂ ಕೂಗೋ ರಾಮಣ್ಣ ಅಂತಿದ್ರು. ಈಗ ರಿಟಾಯರ ಆಗೇನಿ, ಆದ್ರೂ ದನಿ ಇಳದಿಲ್ಲ. ನನ್ನ ಹೇಣ್ತಿ ತಾರವ್ವ, "ಒಂದ ಕಪ್ ಚಾ ಬೇಕಂದ್ರ ಇಡೀ ಓಣಿಗೆ ಸಮನ್ಸ ಕೊಡತೀರಲ್ರಿ" ಅಂತ ಬೈತಾಳ. ಏನ್ ಮಾಡೂದು, ಇದು ಹುಟ್ಟಗುಣ ಅಲ್ಲ, ನೌಕರಿ ಗುಣ. ಆದ್ರೂ ಸುಟ್ರೂ ಹೋಗವಲ್ದು.

ಆ ಬಾಗಲಾಗ ನಿಂತು ಎಂಥೆಂಥಾ ವಕೀಲರನ್ನ ನೋಡಿದೆ. ಯಾರರ ಬಂದು "ರಾಮಣ್ಣಾ, ನೀ ಕಂಡವರಾಗ ಖರೆ ವಕೀಲರು ಯಾರೋ" ಅಂದ್ರ ನಾ ಹಿಂದ ಮುಂದ ನೋಡದ ಮಾಲಾ ಬಾಯಾರ ಹೆಸರು ಹೇಳತೇನಿ. ಹೇಳಿದ್ರ ಕೆಲವರು ಹಲ್ಲ ಕಿಸೀತಾರ. "ಅಯ್ಯ, ತನ್ನ ಕೇಸ ತಾನ ಸೋತ ವಕೀಲಿ ಅಲ್ಲೇನು ಆಕಿ" ಅಂತಾರ. ಆ ಮಾತು ಕೇಳಿದ್ರ ಇವತ್ತಿಗೂ ನನಗ ಮೈ ಉರೀತೈತಿ. ಅರ್ಧಾ ಕೇಳಿದಾವ್ರ ಬಾಯಿ ಮುಚ್ಚಸಬೇಕಂದ್ರ ಪೂರ್ತಿ ಹೇಳಬೇಕು. ಹಂಗಂತ ಇವತ್ತು ಹೇಳಾಕ ಕುಂತೇನಿ.

ಮಾಲಾ ಬಾಯಾರು ಸರಕಾರಿ ವಕೀಲರು. ಪೊಲೀಸರು ಹಾಕಿದ ಕೇಸಿನ್ಯಾಗ ಸರಕಾರದ ಪರವಾಗಿ ನಿಂತು ಸಾಕ್ಷಿ ಕೇಳಾವರು, ವಾದ ಮಾಡಾವರು. ಈ ನೌಕರಿಯ ಗಮ್ಮತ್ತು ಏನಂದ್ರ, ಎಲ್ಲಾರೂ ಅವರನ್ನ ತಮ್ಮವರು ಅಂತ ತಿಳಕೊಂಡಿರತಾರ. ಫಿರ್ಯಾದಿ ಕೊಟ್ಟಾಂವ "ನಮ್ಮ ವಕೀಲರು" ಅಂತಾನ. ಪೊಲೀಸರು "ನಮ್ಮ ಬಾಯಾರು" ಅಂತಾರ. ಆರೋಪಿ ಹೇಣ್ತಿ ಅಂತೂ ಯಮನ್ನ ಕಂಡಂಗ ದೂರ ಸರದು ನಿಂದರತಾಳ. ಬಾಯಾರು ಮಾತ್ರ ಎಲ್ಲಾರ ಮಾರಿನೂ ಒಂದ ನಮೂನಿ ನೋಡಾವರು. "ಬಾಯಾರ, ನೀವು ಯಾರ ಕಡಿ" ಅಂತ ಯಾರರ ಕೇಳಿದ್ರ, "ಸದ್ಯಾ ಬಸ್ ಸ್ಟ್ಯಾಂಡ ಕಡಿ ಹೊಂಟೇನೋ ಯಪ್ಪಾ, ಬಿಡು ದಾರಿ" ಅಂತ ನಕ್ಕು ಹೋಗಿಬಿಡಾವರು.

ಅವರು ಮುಧೋಳ ಕಡೆಯವರು. ಅಪ್ಪ ಅಮಸಿದ್ದಪ್ಪ ಕುರಿ ಕಾದಾಂವ, ಬೀರಪ್ಪನ ಭಕ್ತ. ಸಾಲಿ ಸೂಟಿ ಬಿಟ್ಟಾಗೆಲ್ಲಾ ಈ ಬಾಯಿ ಬಗಲಾಗ ಮರಿ, ಕೈಯಾಗ ಪುಸ್ತಕ ಹಿಡಕೊಂಡು ಅಪ್ಪನ ಹಿಂದ ಅಡ್ಡಾಡ್ಯಾರ. ಮುಂದ ವಿಜಾಪುರದಾಗ ವಕೀಲಿ ಕಲ್ತು, ಪರೀಕ್ಷಾ ಬರದು, ನಮ್ಮ ಕೋರ್ಟಿಗೆ ಬಂದ್ರು. ದಿನಾ ಮುಧೋಳದಿಂದ ಕೆಂಪ ಬಸ್ಸಿನ್ಯಾಗ ಬರಾವರು. ಕಬ್ಬಿನ ಹಂಗಾಮ ಬಂತಂದ್ರ ಟ್ರ್ಯಾಕ್ಟರ ಸಾಲು ದಾರಿಯಾಗ ನಿಂತು ಬಸ್ ಅಲ್ಲೇ ಸಿಗತಿತ್ತು, ಬಾಯಾರು ಇಳದು ಯಾರದೋ ಬೈಕಿನ ಹಿಂದ ಕುಂತು ಕೂದಲಾಗ ಕಬ್ಬಿನ ರವದಿ ಸಿಗಸ್ಕೊಂಡು ಬಂದದ್ದೂ ಐತಿ. ಡಬ್ಬ್ಯಾಗ ಜ್ವಾಳದ ರೊಟ್ಟಿ, ಗುರೆಳ್ಳ ಚಟ್ನಿ. ಒಂದ ರೊಟ್ಟಿ ನನಗ ಕಾಯಂ. ಇದನ್ನ ಲಂಚ ಅಂತ ಯಾರರ ಅಂದ್ರ ಅನ್ನಲಿ, ನಾ ತಿಂದೇನಿ.

ಒಮ್ಮೆ ರೊಟ್ಟಿ ಮುರಕೋತ ನಾ ಅಂದೆ, "ಬಾಯಾರ, ನೀವು ಮುಧೋಳದವರು. ನಿಮ್ಮೂರ ಬೇಟಿ ನಾಯಿ ಹೆಂಗ ಮೊಲದ ಬೆನ್ನ ಹತ್ತತೈತಿ, ಹಂಗ ನೀವು ಆರೋಪಿ ಬೆನ್ನ ಹತ್ತಬೇಕು ನೋಡ್ರಿ."

ಅವರು ನಕ್ಕು ನಕ್ಕು ಕೆಮ್ಮಿದ್ರು. "ಅಲ್ಲೋ ರಾಮಣ್ಣಾ, ಸರಕಾರಿ ವಕೀಲಂದ್ರ ಬೇಟಿ ನಾಯಿ ಅಲ್ಲ, ಹಟ್ಟಿ ನಾಯಿ. ಬೇಟಿ ನಾಯಿ ಓಡಿದ್ದನ್ನೆಲ್ಲಾ ಹಿಡೀತೈತಿ. ಹಟ್ಟಿ ನಾಯಿ ಮೊದಲ ಮೂಸಿ ನೋಡತೈತಿ, ಬಂದದ್ದು ತೋಳ ಹೌದೋ ಅಲ್ಲೋ ಅಂತ. ತೋಳ ಆದ್ರ ಹರದ ಹಾಕಬೇಕು. ನೆರಿಮನಿಯಾವ ಆದ್ರ ಸುಮ್ಕ ಕುಂದರಬೇಕು. ಸಿಕ್ಕಾವ್ರನ್ನೆಲ್ಲಾ ಕಚ್ಚೋ ನಾಯಿನ ನಮ್ಮಪ್ಪ ಹಟ್ಟ್ಯಾಗ ಇಟ್ಕೊಳ್ಳತಿದ್ದಿಲ್ಲ."

ಹಂಗಂತ ಮೆತ್ತನ ಹೆಣ್ಮಗಳು ಅಂತ ತಿಳೀಬ್ಯಾಡ್ರಿ. ಕುಡದು ಲಾರಿ ಹೊಡದು ಕಬ್ಬು ಕಡಿಯೋ ಹೆಂಗಸಿನ ಕಾಲು ಮುರದ ಒಬ್ಬ ಡ್ರೈವರನ ಕೇಸಿನ್ಯಾಗ, ಲಾರಿ ಮಾಲಕ ದೊಡ್ಡ ಕುಳ, ಸಾಕ್ಷಿದಾರರ ಮನೀಗೆಲ್ಲಾ ಹೋಗಿ ಅವರ ಬಾಯಿ ಕಟ್ಟಿಸಿದ್ದ. ಬಾಯಾರು ಬಿಡಲಿಲ್ಲ. ಆ ಹೆಂಗಸನ್ನ ಕುರ್ಚಿ ಮ್ಯಾಲ ಕುಂದ್ರಿಸಿ ಹೊತ್ತು ತರಿಸಿ ಸಾಹೇಬ್ರ ಮುಂದ ಮಾತಾಡಸಿದ್ರು. ಡ್ರೈವರಗ ಶಿಕ್ಷಾ ಆತು. ಅವತ್ತು ಮಾಲಕ ಹೊರಗ ಬಂದು ಮಾರಿ ಗಂಟ ಹಾಕ್ಕೊಂಡು ನಿಂತಿದ್ದು ನೋಡಿ ನನಗ ಹಬ್ಬದ ಊಟ ಉಂಡಂಗ ಆಗಿತ್ತು.

ಅವರ ಒಂದ ಪದ್ಧತಿ ಇತ್ತು. ಸಾಕ್ಷಿ ಹೇಳಾಕ ಬಂದ ಹಳ್ಳಿ ಮಂದೀನ ಬೇವಿನ ಗಿಡದ ಕೆಳಗ ಕುಂದ್ರಿಸಿಕೊಂಡು ಇಷ್ಟ ಹೇಳಾವರು: "ಕಂಡದ್ದು ಹೇಳು. ಕಾಣದ್ದು ಬಿಡು. ನಿಮ್ಮ ಮನಿ ಮಾತಿನ್ಯಾಗ ಹೇಳು." ಮುಗೀತು. ಬ್ಯಾರೆ ಕೆಲವರು ಗಿಳಿಗೆ ಕಲಿಸಿದಂಗ ಕಲಿಸತಿದ್ರು, "ಸದರಿ ಆರೋಪಿತನು" ಅಂತ ಆ ಬಡವ ಬಾಯಿಪಾಠ ಮಾಡಿ, ಕಟಕಟ್ಯಾಗ ನಿಂತ ಕೂಡಲೇ ಎಲ್ಲಾ ಮರತು ನನ್ನ ಮಾರಿ ನೋಡತಿದ್ದ. ಬಾಯಾರು ಒಂದ ಶಬ್ದ ಕಲಸತಿದ್ದಿಲ್ಲ.

ಈಗ ಆ ಕುರಿ ಕೇಸಿಗೆ ಬರತೇನಿ.

ಮಹಾರಾಷ್ಟ್ರದಾಗ ಜೋರ ಮಳಿ ಬಿದ್ದು ಕೃಷ್ಣಿ ಹುಚ್ಚೆದ್ದು ಬಂದ ವರ್ಷ ಅದು. ಮ್ಯಾಲಿಂದ ಹೊಳಿ ನೀರು, ಕೆಳಗ ಆಲಮಟ್ಟಿ ಹಿನ್ನೀರು, ನಡಬರಕ ನಮ್ಮ ಹಳ್ಳಿಗೋಳು. ಚಿಕ್ಕಪಡಸಲಗಿ ಬ್ಯಾರೇಜಿನಿಂದ ಕೆಳಗ ಹೊಳಿದಂಡಿಗೆ ಒಂದ ಸಣ್ಣ ಹಟ್ಟಿ. ಅಲ್ಲಿ ಶಿವಯೋಗೆಪ್ಪ ಅಂತ ಒಬ್ಬ, ಮಾಳಿಂಗರಾಯ ಅಂತ ಒಬ್ಬ. ಇಬ್ಬರೂ ಕುರಿ ಸಾಕಿದವರು, ಇಬ್ಬರೂ ಬೀರಪ್ಪಗ ನಡಕೊಳ್ಳಾವರು, ಆದ್ರ ಮಾತು ಬಿಟ್ಟಿದ್ರು. ಯಾಕ? ಎಂದೋ ಒಮ್ಮೆ ಮಾಳಿಂಗರಾಯನ ಟಗರು ಶಿವಯೋಗೆಪ್ಪನ ಟಗರಿಗೆ ಗುದ್ದಿ ಕ್ವಾಡ ಮುರದಿತ್ತಂತ. ಟಗರು ಮರತಿದ್ವು, ಇವರು ಮರತಿದ್ದಿಲ್ಲ.

ಶಿವಯೋಗೆಪ್ಪ ಮಗಳ ಮದವಿ ಸೀರಿ ತರಾಕ ಬನಹಟ್ಟಿಗೆ ಹೋಗಿದ್ದ. ಕುರಿ ನೋಡಾಕ ತನ್ನ ಸೋದರತ್ತಿ ಬೋರವ್ವನ್ನ ಬಿಟ್ಟಿದ್ದ. ಮುಂಜಾನಿ ಎದ್ದು ನೋಡತಾಳ ಮುದುಕಿ, ನೀರು ಹಟ್ಟಿ ಬುಡಕ ಬಂದೈತಿ. ಮಾಳಿಂಗರಾಯ ತನ್ನ ಕುರಿ ಬಿಚ್ಚಿಕೊಂಡು ಗುಡ್ಡದ ಕಡಿ ಹೊಂಟಿದ್ದ. ಹೊಂಟಾವ ತಿರುಗಿ ನೋಡಿದ. ಮಾತು ಬಿಟ್ಟ ಮನಿಯ ಕುರಿ ನೀರಾಗ ಬ್ಯಾ ಬ್ಯಾ ಅನ್ನಾಕತ್ತಿದ್ವು. ದೊಡ್ಡಿಯ ತಟ್ಟಿ ಬೇಲಿ ಕಿತ್ತ ಹಾಕಿ, ಅವನ್ನೂ ತನ್ನ ಕುರ್ಯಾಗ ಕೂಡಿಸಿಕೊಂಡು ಗುಡ್ಡ ಏರಿದ. ಆಮ್ಯಾಲ ಹಳ್ಳ ತುಂಬಿ ದಾರಿ ಕಡೀತು. ಅಂವ ಅಲ್ಲೇ, ಇವರು ಇಲ್ಲೇ. ಆಗ ಈಗಿನಂಗ ಎಲ್ಲಾರ ಕೊಳ್ಳಾಗ ಮೊಬೈಲ ಇರಲಿಲ್ಲ.

ಶಿವಯೋಗೆಪ್ಪ ಸೀರಿ ಗಂಟ ಹೊತಗೊಂಡು ಬಂದ. ಹಟ್ಟಿ ಖಾಲಿ. ಎದಿ ಒಡೀತು ಪಾಪ. "ಅತ್ತೀ, ಕುರಿ ಎಲ್ಲಿ" ಅಂದ. ಬೋರವ್ವ ಅಂದ್ಲು: "ಮಾಳಿಂಗ್ಯಾ ಹೊಡಕೊಂಡು ಹೋದ."

ಅಷ್ಟ. ಇಡೀ ಕೇಸ ಆ ಒಂದ ಮಾತಿನ್ಯಾಗಿಂದ ಹುಟ್ಟೇತಿ ನೋಡ್ರಿ. ನಮ್ಮ ಕಡಿ ಕುರಿ ಹೊಡಕೊಂಡು ಹೋಗೂದಂದ್ರ ಮುಂದ ಮಾಡಿಕೊಂಡು ನಡಸಿಕೊಂಡು ಹೋಗೂದು. ಅದ ಮಾತನ್ನ ಹಲ್ಲ ಕಚ್ಚಿ ಅಂದ್ರ ಕದ್ದುಕೊಂಡು ಹೋಗೂದು. ಮುದುಕಿ ಮೊದಲನೇದ್ದು ಹೇಳಿದ್ಲು, ಶಿವಯೋಗೆಪ್ಪ ಎರಡನೇದ್ದು ಕೇಳಿದ. ಓಡಿದ ಠಾಣಾಕ್ಕ. ಅಲ್ಲೆ ಬರಿಯಾಂವ ಬರದ: "ಕಳವು ಮಾಡುವ ಉದ್ದೇಶದಿಂದ ಹೊಡೆದುಕೊಂಡು ಹೋಗಿರುತ್ತಾನೆ." ಬೋರವ್ವನ ಹೇಳಿಕೆನೂ ಅದ ಅಚ್ಚಿನ್ಯಾಗ ಬರದು ಮುಗಿಸಿದ. ಪೊಲೀಸರು ಸುತ್ತ ಬಳಸಿ ಗುಡ್ಡಕ್ಕ ಹೋದ್ರು, ಕುರಿ ಸಿಕ್ಕುವು, ಮಾಳಿಂಗರಾಯನೂ ಸಿಕ್ಕ. ಇನ್ನೇನ ಬೇಕು? ಕುರಿ ಶಿವಯೋಗೆಪ್ಪನ ಮನೀಗೆ ಬಂದುವು, ಮಾಳಿಂಗರಾಯ ಜಾಮೀನ ಮ್ಯಾಲ ಹೊರಗ ಬಂದ. ಕೇಸ ಮಾತ್ರ ಕೋರ್ಟಿಗೆ ಬಂತು.

ಅಲ್ಲಿಂದ ಪ್ರತಿ ತಾರೀಖಿಗೆ ನಾ ಕೂಗಬೇಕು: "ಕುರಿ ಕಳವಿನ ಕೇಸ, ಆರೋಪಿ ಮಾಳಿಂಗರಾಯ!" ಅಂವ ಬೇವಿನ ಗಿಡದ ಕೆಳಗ ಕುಂತಲ್ಲೇ ತಲಿ ತಗ್ಗಸತಿದ್ದ. ಒಂದ ದಿನ ನನ್ನ ಹತ್ತರ ಬಂದು, "ಅಣ್ಣಾ, ಸ್ವಲ್ಪ ಮೆಲ್ಲಕ ಕೂಗ್ರಿ, ನನಗ ಕೇಳಸತೈತಿ" ಅಂದ. ಅವನ ಸೊಂಟದಾಗ ಬೀರಪ್ಪನ ಭಂಡಾರದ ಚೀಲ ಇರಲಿಲ್ಲ. ಹಟ್ಟಿ ಗಂಡಸರ ಸೊಂಟಕ್ಕ ಆ ಅರಿಷಿಣ ಪುಡಿ ಚೀಲ ಇಲ್ಲದ ನಾ ನೋಡೇ ಇಲ್ಲ. ಕೇಳಿದೆ. "ಗುಡ್ಯಾಗ ದೇವರ ಹತ್ತರ ತೂಗ ಹಾಕೇನ್ರಿ. ಕಳ್ಳ ಅನ್ನಿಸಿಕೊಂಡ ಸೊಂಟಕ್ಕ ಭಂಡಾರ ಕಟ್ಟಬಾರದು. ಸರಕಾರ ಅಲ್ಲ ಅಂದ ದಿನಾ ಕಟಗೋತೇನಿ" ಅಂದ. ಜೇಲಿಗೆ ಅಂವ ಹೆದರಿದ್ದಿಲ್ಲ. ಆ ಚೀಲ ಅಲ್ಲೇ ತೂಗ್ಯಾಡಿ ಧೂಳ ಹಿಡೀತೈತಿ ಅಂತ ಹೆದರಿದ್ದ.

ವಿಚಾರಣಿ ಚಾಲೂ ಆತು. ಆಗಿನ ಸಾಹೇಬ್ರು ಮಂಡ್ಯ ಕಡೆಯವರು. ಭಾಳ ಸಂಭಾವಿತ ಮನುಷ್ಯ, ಆದ್ರ ನಮ್ಮ ಮಾತು ಅವರಿಗೆ ಅರ್ಧಾ ತಿಳೀತಿತ್ತು, ಅರ್ಧಾ ಬಾಯಾರ ಮಾರಿ ನೋಡತಿದ್ರು.

ಮೊದಲ ಶಿವಯೋಗೆಪ್ಪ ಕಟಕಟಿ ಏರಿದ. ಬಾಯಾರು ಕೇಳಿದ್ರು, "ಕುರಿ ನಿನ್ನೂವ ಅಂತ ಹೆಂಗ ಗುರ್ತ ಹಿಡದಿ?"

"ಕಿವಿ ನೋಡಿ ರೀ. ನಮ್ಮ ಕುರಿ ಬಲಗಿವಿ ತುದಿ ಕತ್ತರಸಿರತೇವಿ."

"ಗುಡ್ಡದಾಗ ಸಿಕ್ಕಾಗ ಕಿವಿ ಹೆಂಗಿತ್ತು?"

"ಇದ್ದಂಗ ಇತ್ರಿ."

ಬಾಯಾರು ಕೈಯಾಗಿನ ಪೆನ್ನು ಕೆಳಗ ಇಟ್ಟು ಒಂದ ಗಳಿಗಿ ಅವನ್ನ ನೋಡಿದ್ರು. ಕುರಿ ಕಳ್ಳ ಗುರ್ತ ಅಳಸಾಕ ಮೊದಲ ಕೈ ಹಾಕೂದು ಕಿವಿಗೆ, ಇದು ಹಟ್ಟ್ಯಾಗ ಹುಟ್ಟಿದವರಿಗೆ ಗೊತ್ತು.

ಆಮ್ಯಾಲ ಮಾಳಿಂಗರಾಯನ ವಕೀಲ ಎದ್ದ. ಹೊಸಾ ಹುರುಪಿನಾಂವ. ಕೋಟು ಸರಿ ಮಾಡಿಕೊಂಡು, "ಆ ಕುರಿಗಳು ನಿಮ್ಮವಲ್ಲ, ಆರೋಪಿಯ ಸ್ವಂತ ಕುರಿಗಳು ಅಂದರೆ ಸರಿಯೇ?" ಅಂತ ಗುಡುಗಿದ. ಶಿವಯೋಗೆಪ್ಪ ಬಾಯಿ ತಗೀಯೋದರಾಗ ಆರೋಪಿ ಕಟಕಟಿಯಿಂದ ಮಾಳಿಂಗರಾಯನ ಒದರಿದ, "ಛೇ ಛೇ, ಖೊಟ್ಟಿ ಮಾತು ಸಾಹೇಬ್ರ! ಅವು ಶಿವಯೋಗೆಪ್ಪನೂವ ರೀ! ನಮ್ಮೂವು ಎಡಗಿವಿ!" ಕೋರ್ಟಿಗೆ ಕೋರ್ಟ ನಕ್ಕಿತು. ಅವನ ವಕೀಲ ಹಣಿ ಹಣಿ ಬಡಕೊಂಡು ಕುಂತ. ಬಾಯಾರೊಬ್ಬರು ನಗಲಿಲ್ಲ.

ಮುಂದಿನ ಸಾಕ್ಷಿ ಬೋರವ್ವ. ಕಟಕಟಿ ಹಿಡಕೊಂಡು, ಸೆರಗು ಸಂವರಿಸಿ ನಿಂತ್ಲು.

"ಆವತ್ತ ಮುಂಜಾನಿ ಏನಾತು ಹೇಳವ್ವಾ" ಅಂದ್ರು ಬಾಯಾರು.

"ಏನಾಗೂದೈತಿ ಬೇ, ನೀರು ಬಂತು. ಮಾಳಿಂಗ್ಯಾ ಓಡಿ ಬಂದ. ಕುರಿ ಹೊಡದ."

ಸಾಹೇಬ್ರು ಟೈಪ ಮಾಡಾವಗ ಹೇಳಿ ಬರಸಾಕತ್ತಿದ್ರು: "ಆರೋಪಿಯು ಕುರಿಗಳಿಗೆ ಹೊಡೆದನು." ಬರಸಿ, ಮುದುಕಿ ಕಡಿ ತಿರುಗಿ, "ಅಜ್ಜಿ, ಯಾವುದರಿಂದ ಹೊಡೆದ? ಕೋಲಿನಿಂದಲೋ ಕಲ್ಲಿನಿಂದಲೋ? ಕುರಿಗಳಿಗೆ ಪೆಟ್ಟಾಯಿತೇ?" ಅಂದ್ರು.

"ಯಾಕ ಪೆಟ್ಟಾಗತೈತಿ ಯಪ್ಪಾ? ಬಾಯಿಲೆ ಹೊಡದ. ಹುರ್ರ್, ಹುರ್ರ್ರ್ ಅಂತ." ಮುದುಕಿ ತುಂಬಿದ ಕೋರ್ಟಿನ್ಯಾಗ ಕುರಿ ಹೊಡಿಯೋ ದನಿ ತಗದೇ ಬಿಟ್ಲು. ಹೊರಗ ಯಾವುದೋ ಆಡು ಬ್ಯಾ ಅಂತು.

"ಬಾಯಿಂದ ಹೊಡೆದನೇ?" ಅಂದ್ರು ಸಾಹೇಬ್ರು. ಅವರ ಮಾರಿ ನೋಡೂಹಂಗಿತ್ತು.

ಕೋರ್ಟ ಕೆಲಸಕ್ಕ ಬರೋ ಪೊಲೀಸ ಜಮಾದಾರ ಚನಮಲ್ಲಪ್ಪ ಬಾಯಾರ ಹಿಂದನ ಕುಂತಿದ್ದ. ಅಂವ ಬಗ್ಗಿ ಪಿಸು ಪಿಸು ಅಂದದ್ದು ಬಾಗಲಾಗ ನಿಂತ ನನಗೂ ಕೇಳಸ್ತು: "ಬಾಯಾರ, ಠಾಣಾದಾಗ ಕದ್ದ ಹೊಡಕೊಂಡು ಹೋದ ಅಂದಾಳ, ಈಗ ಬರೇ ಹೊಡದ ಅಂತಾಳ. ಮುದುಕಿ ತಿರುಗಿ ಬಿದ್ದಾಳ. ಹಂಗಂತ ಬರಸಿ, ನೀವ ಪಾಟೀಸವಾಲ ಮಾಡ್ರಿ. ಎರಡ ಸಲ ಗದರಸಿದ್ರ ಹೌದ್ರಿ ಅಂತಾಳ."

ಅಂವ ಹೇಳಿದ್ದು ಕಾಯಿದೆದಾಗ ಇದ್ದದ್ದ. ಸಾಕ್ಷಿ ತಿರುಗಿ ಬಿತ್ತಂದ್ರ ಸರಕಾರಿ ವಕೀಲರು ಆಕೀನ ಎದರಾಳಿಹಂಗ ಹಿಡದು ಕೇಳಬಹುದು. ಖರೆನ, ಎರಡ ಸಲ ಗದರಸಿದ್ರ ಬೋರವ್ವ ಹೌದ್ರಿ ಅಂತಿದ್ಲು. ಹಳ್ಳಿ ಮುದುಕೇರು ಕರಿ ಕೋಟಿಗೆ ಹೌದು ಅನ್ನದ ಇನ್ನೇನ ಅಂತಾರ? ಕುರಿ ಸಿಕ್ಕಾವ, ಸಾಕ್ಷಿ ಹೌದಂದಾಳ, ಕೇಸ ಗಟ್ಟಿ. ನಾ ಮಾಳಿಂಗರಾಯನ್ನ ನೋಡಿದೆ. ಅಂವ ಬರೇ ಸೊಂಟದ ಮ್ಯಾಲ ಕೈ ಇಟಗೊಂಡು ನಿಂತಿದ್ದ, ಚೀಲ ಇರೋ ಜಾಗಾದಾಗ.

ಬಾಯಾರು ಕೈಯಾಗಿದ್ದ ಠಾಣಾದ ಹೇಳಿಕಿ ನೋಡಿದ್ರು. ಮುದುಕೀನ ನೋಡಿದ್ರು. "ಚನಮಲ್ಲಪ್ಪಾ, ಆಕಿ ತಿರುಗಿ ಬಿದ್ದಿಲ್ಲೋ. ನಿಂತಲ್ಲೇ ನಿಂತಾಳ. ತಿರುಗಿದ್ದು ಬರದಾಂವ" ಅಂದ್ರು. ಆಮ್ಯಾಲ ಬೋರವ್ವಗ ಕೇಳಿದ್ರು, "ಅವ್ವಾ, ನಿಮ್ಮ ಮಾತು ಸಾಹೇಬ್ರಿಗೆ ತಿಳಿಯೂಹಂಗ ಹೇಳು. ಗಳೇ ಹೊಡದ ಅಂದ್ರ ಏನು?"

ಮುದುಕಿಗೆ ಸಿಟ್ಟ ಬಂತು. "ಇಷ್ಟ ಸಾಲಿ ಕಲ್ತು ಅಷ್ಟ ಗೊತ್ತಿಲ್ಲೇನ ಬೇ? ಎತ್ತ ಕಟ್ಟಿ ಹೊಲಾ ಮಾಡಿದ ಅಂತ."

"ಗಾಡಿ ಹೊಡದ?"

"ಗಾಡಿ ನಡಸಿದ."

"ಡೊಳ್ಳು ಹೊಡದ?"

"ಬಾರಿಸಿದ. ಎಣ್ಣಿ ಹೊಡದ ಅಂದ್ರ ಬೆಳಿಗೆ ಔಷಧಾ ಹಾಕಿದ. ನಿದ್ದಿ ಹೊಡದ ಅಂದ್ರ ಮಕ್ಕೊಂಡ. ಇನ್ನೇನೇನ ಹೊಡೀಲಿ ಹೇಳು, ಎಲ್ಲಾ ಹೊಡದ ಹೋಗತೇನಿ!"

ಸಾಹೇಬ್ರೂ ನಕ್ಕರು. ಬಾಯಾರು ನಗು ಇಳಿಯೂತನಾ ನಿಂತು, ಮೆಲ್ಲಕ ಕೇಳಿದ್ರು: "ಕುರಿ ಹೊಡಕೊಂಡು ಹೋದ ಅಂದ್ರ?"

"ಮುಂದ ಮಾಡಿಕೊಂಡು ನಡಸಿಕೊಂಡು ಹೋದ."

"ಎಲ್ಲಿಗೆ?"

"ಗುಡ್ಡಕ್ಕ. ಮತ್ತ ನೀರಾಗ ಸಾಯಲಿ ಅಂತ ಬಿಡಬೇಕಿತ್ತೇನು?"

"ನಿನಗ ಹೇಳಿ ಹೋದನೋ, ಹೇಳದ ಹೋದನೋ?"

"ಹೇಳಿದ. ಶಿವಯೋಗೆಪ್ಪ ಬಂದ್ರ ಗುಡ್ಡಕ್ಕ ಬಾ ಅನ್ನು ಬೇ ಅತ್ತಿ ಅಂದ."

"ಅದನ್ನ ಶಿವಯೋಗೆಪ್ಪಗ ಹೇಳಿದ್ಯೇನು?"

"ಹೇಳಾಕ ಎಲ್ಲಿ ಬಿಟ್ಟ ಅವನ ಹೆಣಾ ಎತ್ಲಿ! ಹೊಡಕೊಂಡು ಹೋದ ಅಂದದ್ದ ತಡಾ, ಠಾಣಾಕ್ಕ ಓಡಿದ. ಅವನ ಕಾಲಿಗಿದ್ದ ಅವಸರ ಕಿವಿಗಿಲ್ಲ. ಪೊಲೀಸರೂ ಹೊಡಕೊಂಡು ಹೋದನೇನು ಅಂತ ಕೇಳಿದ್ರು, ಹೌದು ಅಂದೆ. ಅಂವ ಹೊಡಕೊಂಡು ಹೋಗಿದ್ದು ಖರೆ ಅಲ್ಲೇನು?"

ಸಾಹೇಬ್ರು ಕನ್ನಡಕ ತಗದು, "ಸರ್ಕಾರಿ ವಕೀಲರೇ, ಇದು ನಿಮ್ಮ ಕೇಸಿಗೇ ವಿರುದ್ಧವಾಗಿ ಹೋಗುತ್ತಿದೆ, ಗೊತ್ತಲ್ಲ?" ಅಂದ್ರು.

"ಗೊತ್ತಿದೆ ಸ್ವಾಮಿ. ಅವರ ಮಾತು ಅವರು ಆಡಿದ ಹಾಗೇ ದಾಖಲಾಗಬೇಕು, ಅಷ್ಟೇ ನನ್ನ ಕೋರಿಕೆ" ಅಂದ್ರು ಬಾಯಾರು.

ಹೊರಗ ಬಂದ್ರೋ ಇಲ್ಲೋ, ಶಿವಯೋಗೆಪ್ಪ ಅಡ್ಡ ನಿಂತ. ಕಣ್ಣು ಕೆಂಪಗ. "ನೀವು ನನ್ನ ವಕೀಲರೋ, ಅವನ ವಕೀಲರೋ? ನನ್ನ ಸಾಕ್ಷಿ ಬಾಯಿಲೆ ನನ್ನ ಕೇಸ ಹೊಡದ್ರಿ!"

ನನಗ ಸಿಟ್ಟ ನೆತ್ತಿಗೇರಿತು, ಕೈ ಎತ್ತಾವ ಇದ್ದೆ. ಬಾಯಾರು ನನ್ನ ಸರಿಸಿ ಅವನ ಮುಂದ ನಿಂತ್ರು. "ನಿನ್ನ ಕುರಿ ಕದ್ದವ ಯಾರರ ಇದ್ದಿದ್ರ ನಾ ಅವನ್ನ ಬಿಡತಿದ್ದಿಲ್ಲ ಶಿವಯೋಗೆಪ್ಪ. ಇಲ್ಲಿ ಕಳ್ಳ ಇಲ್ಲ. ಇಲ್ಲದ ಕಳ್ಳನ್ನ ಎಲ್ಲಿಂದ ತಂದು ಕೊಡ್ಲಿ? ನಾ ಅವನ ವಕೀಲಿ ಅಲ್ಲ, ನಿನ್ನ ವಕೀಲಿನೂ ಅಲ್ಲ. ಸರಕಾರಿ ವಕೀಲಿ. ಸರಕಾರದಾಗ ನೀನೂ ಅದಿ, ಅವನೂ ಅದಾನ."

ಅಂವ ಕೇಳಲಿಲ್ಲ. ಮ್ಯಾಲಿನವರಿಗೆ ತಕರಾರು ಹೋತು, ಸರಕಾರಿ ವಕೀಲಿ ಆರೋಪಿ ಜೋ‌ಡಿ ಕೂಡ್ಯಾಳ ಅಂತ. ಬಾಯಾರು ಬಾಗಲಕೋಟಿಗೆ ಹೋಗಿ ಉತ್ತರಾ ಕೊಟ್ಟು ಬರಬೇಕಾತು. ಚನಮಲ್ಲಪ್ಪ "ನಿಮಗ್ಯಾಕ ಬೇಕಿತ್ತರಿ ಇದು" ಅಂದ. ಮ್ಯಾಲಿನವರು ತಿಳದ ಮನುಷ್ಯರು, ಕಾಗದಾ ಓದಿ ಸುಮ್ಮನಾದ್ರು. ಬಾಯಾರು ಮರದಿನಾ ಎಂದಿನಂಗ ಬಂದ್ರು, ಎಂದಿನಂಗ ನನಗ ಒಂದ ರೊಟ್ಟಿ ಕೊಟ್ರು. ಚಟ್ನಿಗೆ ಉಪ್ಪ ಹಾಕೂದ ಮರತಿದ್ರು. ಅದರ ಮ್ಯಾಲಿಂದ ನನಗ ಗೊತ್ತಾತು, ಮನಸಿಗೆ ಹತ್ತೇತಿ ಅಂತ.

ಕಡೀ ದಿನಾ ವಾದ. ಬಾಯಾರು ಎದ್ದು ಹೇಳಿದ ಮಾತು ನನಗ ಇವತ್ತಿಗೂ ಬಾಯಿಪಾಠ. "ಈ ಮನುಷ್ಯ ಕುರಿಗಳನ್ನು ಹೊಡೆದುಕೊಂಡು ಹೋದದ್ದು ನಿಜ. ಕದ್ದ ಎಂದು ಹೇಳಲು ನನ್ನ ಬಳಿ ಸಾಕ್ಷ್ಯ ಇಲ್ಲ. ಕದಿಯುವವನು ಹೇಳಿ ಹೋಗುವುದಿಲ್ಲ, ಕಿವಿಯ ಗುರುತು ಹಾಗೇ ಬಿಡುವುದಿಲ್ಲ. ಇನ್ನೊಂದು ಮಾತು ಸ್ವಾಮಿ. ಇವನಿಗೆ ಶಿಕ್ಷೆಯಾದರೆ ನಾಳೆ ಹೊಳೆ ಬಂದಾಗ ಆ ದಂಡೆಯ ಒಬ್ಬನೂ ಇನ್ನೊಬ್ಬನ ಕುರಿ ಮುಟ್ಟುವುದಿಲ್ಲ. ನಿಂತು ನೋಡುತ್ತಾನೆ."

ಸಾಹೇಬ್ರು ಖುಲಾಸೆ ಅಂದ್ರು. ಮಾಳಿಂಗರಾಯಗ ಆ ಶಬ್ದ ತಿಳೀಲಿಲ್ಲ. ಹೊರಗ ಬಂದು ನನ್ನ ಕೈ ಹಿಡದು, "ಅಣ್ಣಾ, ನಾ ಈಗ ಏನ್ರಿ?" ಅಂದ.

"ಏನೂ ಇಲ್ಲೋ. ಬರೇ ಮಾಳಿಂಗರಾಯ" ಅಂದೆ. ಅಂವ ಅಲ್ಲೇ ಬೇವಿನ ಗಿಡದ ಬುಡಕ ಕುಂತು ಅತ್ತ. ನಾ ಮುಂದಿನ ಕೇಸ ಕೂಗಾಕ ಬ್ಯಾರೆಯವರನ್ನ ಕರದು ಅವನ ಬಾಜೂಕ ಕುಂತೆ.

ಆ ವಾರದಾಗ ಅಂವ ಸೊಂಟಕ್ಕ ಚೀಲ ಕಟಗೊಂಡು, ತಲಿ ಎತಗೊಂಡು ಬಂದ. ಬಾಯಾರ ಹಣಿಗೆ ಭಂಡಾರ ಹಚ್ಚಾಕ ಕೈ ಮಾಡಿದ. ಬಾಯಾರು ಹಿಂದ ಸರದ್ರು. "ನನಗ ಬ್ಯಾಡೋ. ನಾ ನಿನಗ ಉಪಕಾರ ಮಾಡಿಲ್ಲ, ನನ್ನ ಕೆಲಸ ಮಾಡೇನಿ. ನಾಳೆ ನೀ ಖರೆನ ಕದ್ದು ಬಂದ್ರ ನಾನ ನಿನ್ನ ಒಳಗ ಹಾಕಸಾಕಿ. ಬೇಕಂದ್ರ ರಾಮಣ್ಣಗ ಹಚ್ಚು, ವರ್ಷಾನಗಟ್ಟಲೆ ನಿನ್ನ ಹೆಸರು ಊರ ತುಂಬ ಕೂಗ್ಯಾನ." ಅಂವ ನನ್ನ ಹಣಿ ತುಂಬ ಬಳದ. ನಾ ಸಂಜಿತನಾ ಹಳದಿ ಮಾರಿಲೇ ಕೂಗಿದೆ.

ಶಿವಯೋಗೆಪ್ಪ ಮಾತ್ರ ಮಾರಿ ತಿರುಗಿಸಿಕೊಂಡ ಇದ್ದ.

ಮುಂದ ಕೆಲವು ಮಳಿಗಾಲ ಕಳದುವು. ಶಿವಯೋಗೆಪ್ಪನ ಹೊಲಾ ಹಿನ್ನೀರಾಗ ಹೋಗಿತ್ತು, ಅದರ ಪರಿಹಾರದ ಕೇಸಿಗೆ ನಮ್ಮ ಕೋರ್ಟಿಗೇ ಬಂದಿದ್ದ. ಮಳಿ ಜಡಿ ಹಿಡದಿತ್ತು. ನಾವೆಲ್ಲಾ ವರಾಂಡದಾಗ ನಿಂತಿದ್ವಿ, ಬಾಯಾರೂ ಇದ್ರು. ಶಿವಯೋಗೆಪ್ಪನ ಮೊಬೈಲ ರಿಂಗ ಆತು. ಬೋರವ್ವ. ಮಾರಿ ಬಿಳಿಚಿಕೊಂಡ. "ನೀರು ಎಷ್ಟ ಬಂದೈತಿ? ತಟ್ಟಿತನಾ? ಅಯ್ಯಯ್ಯ!" ಅಂದ. ಜಮಖಂಡಿಯಿಂದ ಅಂವ ಹಟ್ಟಿ ಮುಟ್ಟೂದರಾಗ ಕುರಿ ಹೊಳಿ ಪಾಲ.

ಅಂವ ಒಂದ ಕ್ಷಣ ಫೋನ್ ನೋಡಿದ. ಬಾಯಾರನ್ನ ನೋಡಿದ, ನೋಡಿದಾಂವ ಕಣ್ಣ ಕೆಳಗ ಹಾಕಿದ. ಆಮ್ಯಾಲ ಫೋನಿನ್ಯಾಗ ಒದರಿದ: "ಅತ್ತೀ, ಮಾಳಿಂಗರಾಯ ಅದಾನೇನು? ಅವನ ಕೈಯಾಗ ಕೊಡು! ಮಾಳಿಂಗರಾಯಾ! ನನ್ನ ಕುರೀನೂ ಹೊಡಕೊಂಡು ಹೋಗೋ ಯಪ್ಪಾ!"

ಆ ಕಡಿಯಿಂದ ಮಾಳಿಂಗರಾಯ ಏನೋ ಅಂದ. ಶಿವಯೋಗೆಪ್ಪ ಫೋನ್ ಎದಿಗೆ ಒತ್ತಿ ಹಿಡದು, ಬಾಯಾರ ಹತ್ತರ ಬಂದ. "ಬಾಯಾರ, ನಿಮ್ಮನ್ನ ಕೇಳಂತಾನ್ರಿ. ಹೊಡಕೊಂಡು ಹೋಗ್ಲೋ ಬ್ಯಾಡೋ ಅಂತ. ಸರಕಾರಿ ವಕೀಲರು ಹೂಂ ಅಂದ್ರ ಮುಟ್ಟತೇನಿ ಅಂತಾನ್ರಿ."

ಬಾಯಾರು ಮೊದಲ ನಕ್ಕರು. ಆಮ್ಯಾಲ ಅವರ ಕಣ್ಣಾಗ ನೀರು ಬಂತು. "ಹೊಡಕೊಂಡು ಹೋಗು ಅಂತ ಹೇಳು" ಅಂದ್ರು.

ಮಳಿ ಸಪ್ಪಳಕ್ಕ ಆ ಕಡಿ ಕೇಳವಲ್ದು. ಶಿವಯೋಗೆಪ್ಪ ಹಲೋ ಹಲೋ ಅಂತ ಬಡಕೋತಾನ. ನಾ ಅವನ ಕೈಯಿಂದ ಫೋನ್ ಕಸಗೊಂಡೆ. ವರ್ಷಾನಗಟ್ಟಲೆ ಆರೋಪಿ ಆರೋಪಿ ಅಂತ ಅವನ ಹೆಸರು ಕೂಗಿದ ದನಿ ಇದು. ಎದಿ ತುಂಬ ಉಸರ ಎಳಕೊಂಡು, ಕೋರ್ಟಿನ ಹಂಚು ಅದರೂಹಂಗ ಮೂರು ಸಲ ಕೂಗಿದೆ.

"ಮಾಳಿಂಗರಾಯಾ! ಹೊಡಕೊಂಡು ಹೋಗೋ! ಹೊಡಕೊಂಡು ಹೋಗೋ! ಹೊಡಕೊಂಡು ಹೋಗೋ!"

ಫೋನಿನ್ಯಾಗ ಹುರ್ರ್ ಹುರ್ರ್ರ್ ಅನ್ನೋ ದನಿ ಕೇಳಸಾಕತ್ತಿತು, ಹಿಂದನ ಕುರಿ ಓಡೋ ಸಪ್ಪಳ. ನಾ ಮತ್ತ ಕೂಗಾಂವ ಇದ್ದೆ. ಬಾಯಾರು ನನ್ನ ರಟ್ಟಿ ಹಿಡದು, "ಸಾಕೋ ರಾಮಣ್ಣಾ, ಅವಂಗ ಕೇಳಸೇತಿ" ಅಂದ್ರು.